ಬೋಳು ಕುತ್ತಿಗೆ ಹುಂಜ ಮತ್ತು ಒಂದು ಚಿಟಿಕೆ ಪುಕ್ಕ

ಬೀಳಗಿ ಕಡೆಯ ನಮ್ಮ ಹಳ್ಳಿಯಲ್ಲಿ ಏಪ್ರಿಲ್ ಬಂತೆಂದರೆ ಕೋಳಿಗಳು ಬಾಯಿ ತೆರೆದುಕೊಂಡು ಬೇವಿನ ನೆರಳು ಹಿಡಿಯುತ್ತವೆ. ನಮ್ಮ ಹಿತ್ತಲಲ್ಲಿ ಇಪ್ಪತ್ತು ಜವಾರಿ ಕೋಳಿಗಳಿವೆ. ಬೋಳು ಕುತ್ತಿಗೆಯವು ಮಾತ್ರ ಬಿಸಿಲಿಗೆ ಅಷ್ಟು ಸೋಲುತ್ತಿರಲಿಲ್ಲ. ಎಲ್ಲವೂ ಅಂಥವೇ ಆಗಲಿ ಎಂದು ಸಂತೆಯಿಂದ ಬೋಳು ಕುತ್ತಿಗೆ ಹುಂಜವೊಂದನ್ನು ತಂದೆ. ಅವ್ವ ನೋಡಿ, "ಇದೇನೋ ತಮ್ಮಾ, ರಣಹದ್ದು ತಂದಿಯಲ್ಲೋ!" ಅಂದಳು.

ಬೋಳು ಕುತ್ತಿಗೆಯ ಹ್ಯಾಟೆಯೊಂದನ್ನು ಅದರ ಜೊತೆ ಬಿಟ್ಟು, 11 ಮೊಟ್ಟೆ ಕಾವಿಗೆ ಇಟ್ಟೆ. 21ನೇ ದಿನಕ್ಕೆ 9 ಮರಿ ಬಂದವು. ಎರಡಕ್ಕೆ ಕುತ್ತಿಗೆ ತುಂಬ ತುಪ್ಪಳ! ಪಕ್ಕದ ಮನೆ ಹುಂಜದ್ದೇ ಕೆಲಸ ಅಂದುಕೊಂಡೆ. ಪಾಪ, ಸುಮ್ನೆ ಬೈದೆ ಅದನ್ನು.

ಪರಿಚಯದ ಪಶುವೈದ್ಯರೊಬ್ಬರು ಬಿಡಿಸಿ ಹೇಳಿದರು. ಕುತ್ತಿಗೆಯ ಈ ಗುಣಕ್ಕೆ ಪ್ರತಿ ಕೋಳಿಯಲ್ಲೂ ಎರಡು ಚೀಟಿ ಇರುತ್ತವೆ ಅನ್ನಿ, ತಾಯಿಯದೊಂದು, ತಂದೆಯದೊಂದು. ಬೋಳು ಚೀಟಿ ಒಂದಿದ್ದರೂ ಕುತ್ತಿಗೆ ಬೋಳೇ. ಪುಕ್ಕದ ಚೀಟಿ ಒಳಗೆ ಅಡಗಿರುತ್ತದೆ. ಇಬ್ಬರಲ್ಲೂ ಅದು ಅಡಗಿದ್ದರೆ, ನಾಲ್ಕರಲ್ಲಿ ಒಂದು ಮರಿಗೆ ಎರಡೂ ಪುಕ್ಕದ ಚೀಟಿಗಳೇ ಬೀಳಬಹುದು. ಒಂಬತ್ತರಲ್ಲಿ ಎರಡು ಅಂದರೆ ಲೆಕ್ಕ ಸರಿಯಾಗಿಯೇ ಇತ್ತು, ಅಲ್ವಾ?

ನನಗೆ ಹೆಚ್ಚು ಉಪಯೋಗವಾಗಿದ್ದು ಅವರು ಕೊನೆಗೆ ಹೇಳಿದ ಗುರುತು. ಒಂದೇ ಬೋಳು ಚೀಟಿ ಇರುವ ಕೋಳಿಗೆ ಕುತ್ತಿಗೆಯ ಮುಂದೆ, ಎದೆಗೆ ಹತ್ತಿರ, ಚಿಕ್ಕ ಪುಕ್ಕದ ಗೊಂಚಲು ಇರುತ್ತದೆ. ಎರಡೂ ಬೋಳು ಚೀಟಿಗಳಿದ್ದರೆ ಆ ಜಾಗವೂ ಹೆಚ್ಚುಕಡಿಮೆ ಖಾಲಿ. ಮೈಮೇಲಿನ ಪುಕ್ಕವೂ ಇನ್ನಷ್ಟು ಕಡಿಮೆ, ಹಾಗಾಗಿ ಸೆಕೆ ಜಾಸ್ತಿ ತಡೆಯುತ್ತದೆ. ಮನೆಗೆ ಬಂದವನೇ ಹುಂಜವನ್ನು ಹಿಡಿದು ನೋಡಿದೆ. ಗೊಂಚಲು ಇತ್ತು! ದುಡ್ಡು ಕೊಡುವಾಗ ಕಣ್ಣೆದುರೇ ಇದ್ದದ್ದು.

ಆಮೇಲೆ ಗೊಂಚಲಿಲ್ಲದ ಹುಂಜ ಹುಡುಕಿ ತಂದೆ. ಹ್ಯಾಟೆಯ ಹೊಟ್ಟೆಯಲ್ಲಿ ಹಳೆ ಹುಂಜದ ಬೀಜ ಎರಡು-ಮೂರು ವಾರ ಉಳಿಯುತ್ತದೆ. ಅದಕ್ಕೇ ಮೊದಲ ತಿಂಗಳ ಮೊಟ್ಟೆಗಳನ್ನು ತಿಂದು ಮುಗಿಸಿ, ನಂತರದವನ್ನು ಕಾವಿಗೆ ಇಟ್ಟೆ. ಈ ಸಲ ಪುಕ್ಕದ ಹ್ಯಾಟೆಗಳ ಮರಿಗಳೂ ಎಲ್ಲವೂ ಬೋಳು, ಎಲ್ಲಕ್ಕೂ ಗೊಂಚಲು.

ಅವೇ ಬೆಳೆದು ತಮ್ಮ ಅಪ್ಪನ ಜೊತೆ ಕೂಡಿದರೆ ರಕ್ತ ಹತ್ತಿರವಾಗುತ್ತದೆ, ಮರಿಗಳು ಸೊರಗುತ್ತವೆ. ಈ ಹುಂಜವನ್ನು ಮಾರಿ, ಜಮಖಂಡಿ ಕಡೆಯಿಂದ ಬೇರೊಂದು ತರಬೇಕು. ಕೊಳ್ಳುವವರು ಮಾತ್ರ "ರೋಗದ ಕೋಳಿ ಏನ್ರಿ ಇದು?" ಅಂತ ಇನ್ನೂ ಚೌಕಾಸಿ ಮಾಡುತ್ತಲೇ ಇದ್ದಾರೆ.