ನಲವತ್ತಾದ ಮೇಲೆ ಐವತ್ತು: ಸಭೆಯ ವರ್ಷವನ್ನು ಮನೆಯಲ್ಲಿ ಪಾಲಿಸಿದ ನನ್ನ ಅನುಭವ

ಋತು ಬದಲಾದರೆ ಮನಸ್ಸೂ ಹೊಸದಾದೀತು ಎಂದು ಕಾಯುವುದರಲ್ಲಿ ಒಂದು ತೊಡಕಿದೆ. ಚಿಗುರು ಕಂಡಾಗ ಸಾವಿನಿಂದೆದ್ದ ಯೇಸುವಿನ ಪುನರುತ್ಥಾನ ನೆನಪಾಗುವುದು ಸಹಜ. ಆದರೆ ಭೂಮಿಯ ದಕ್ಷಿಣಾರ್ಧದಲ್ಲಿ ಅದರ ಹಬ್ಬವಾದ ಈಸ್ಟರ್ ಬರುವುದೇ ಎಲೆ ಉದುರುವ ಕಾಲದಲ್ಲಿ. ಬಿತ್ತನೆ, ಕೊಯ್ಲು, ಚಳಿ, ಸೆಕೆ ನಿಲ್ಲುವುದಿಲ್ಲ ಎಂದು ಬೈಬಲಿನ ಆದಿಕಾಂಡ 8:22 ಹೇಳುತ್ತದೆ. ನಿರೀಕ್ಷೆ ಇಡಬೇಕಾದದ್ದು ಆ ಮಾತು ಕೊಟ್ಟವನ ಮೇಲೆ, ಹವಾಮಾನದ ಮೇಲಲ್ಲ. ಹಾಗಾಗಿ ನಾನು ಹಿಡಿದದ್ದು ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಕ್ಯಾಲೆಂಡರನ್ನು.

ಮೊದಲು ತಾರೀಕುಗಳನ್ನು ಗುರುತು ಹಾಕಿಕೊಳ್ಳಬೇಕು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಆದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬಿದ್ದೇ ಬೀಳುತ್ತದೆ. ಇದು ಪಾಶ್ಚಾತ್ಯ ಸಭೆಗಳ ಲೆಕ್ಕ. ಹುಣ್ಣಿಮೆಯೂ ಸಭೆಯ ಕೋಷ್ಟಕದ್ದು, ಆಕಾಶದ್ದಲ್ಲ. 2027ರ ಈಸ್ಟರ್ ಮಾರ್ಚ್ 28ಕ್ಕೆ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಉಪವಾಸದ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, ಫೆಬ್ರವರಿ 10. ಈಸ್ಟರನ್ನೂ ಸೇರಿಸಿ 50ನೆಯ ದಿನ ಪಂಚಾಶತ್ತಮ, ಪವಿತ್ರಾತ್ಮ ಇಳಿದುಬಂದದ್ದರ ಹಬ್ಬ, ಮೇ 16. ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ, ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲ ಶುರು.

ಆಗಮನ ಕಾಲ 22ರಿಂದ 28 ದಿನ. ಎಲೆಗಳ ಬಳೆಯ ಮೇಲೆ ನಾಲ್ಕು ಮೇಣದ ಬತ್ತಿ, ವಾರಕ್ಕೊಂದು ಹೆಚ್ಚು ಹಚ್ಚುವುದು. ಇಲ್ಲಿ ಕೈಕೊಡುವುದು ಮೊದಲ ಬತ್ತಿ, ಏಕೆಂದರೆ ಅದು ಪ್ರತಿ ಸಂಜೆ ಉರಿಯುತ್ತದೆ. ಊಟ ಮುಗಿಯುವವರೆಗೆ ಮುಕ್ಕಾಲು ಗಂಟೆ ಉರಿಸಿದರೆ 28 ದಿನಕ್ಕೆ 21 ಗಂಟೆ. ತೆಳು ಬತ್ತಿ ಅಷ್ಟು ಬಾಳುವುದಿಲ್ಲ. ಓದಿ ಪ್ರಾರ್ಥಿಸುವ ಹತ್ತು ನಿಮಿಷ ಮಾತ್ರ ಉರಿಸಿದರೆ ಐದು ಗಂಟೆಯೊಳಗೇ ಮುಗಿಯುತ್ತದೆ. ಒಂದು ಬತ್ತಿಯನ್ನು ಮೊದಲೇ ಒಂದು ಗಂಟೆ ಉರಿಸಿ, ಎಷ್ಟು ಕರಗಿತೆಂದು ಅಳೆದುಕೊಳ್ಳಿ. ಹಸಿರೆಲೆ ಒಣಗಿದ ಕೂಡಲೇ ಬದಲಾಯಿಸಿ, ಇಲ್ಲದಿದ್ದರೆ ಬೆಂಕಿ ಹತ್ತುತ್ತದೆ.

ತಪಸ್ಸು ಕಾಲದಲ್ಲಿ ಹೆಚ್ಚಿನವರು ಎಡವುವುದು ಲೆಕ್ಕದಲ್ಲೇ. 46 ದಿನಗಳಲ್ಲಿ ಆರು ಭಾನುವಾರ ಉಪವಾಸಕ್ಕೆ ಸೇರುವುದಿಲ್ಲ, ಉಳಿದದ್ದು 40. ಬಿಡುವುದು ಒಂದು, ಹಿಡಿಯುವುದು ಒಂದು, ಕೊಡುವುದು ಒಂದು ಸಾಕು. ನಾಲ್ಕೈದು ವ್ರತ ಒಟ್ಟಿಗೆ ಹೊತ್ತರೆ ಎರಡನೆಯ ವಾರಕ್ಕೇ ಎಲ್ಲವೂ ಕುಸಿಯುತ್ತವೆ. ಹಿಡಿಯುವುದು ಓದಾದರೆ ಮಾರ್ಕನ ಸುವಾರ್ತೆಯ 16 ಅಧ್ಯಾಯ, ಯೋಹಾನನ 21, ಒಟ್ಟು 37. ತಪ್ಪಿಹೋದ ದಿನಗಳಿಗೆಂದು ಮೂರು ದಿನ ಉಳಿಯುತ್ತದೆ. ಹೋದ ವರ್ಷ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ತಂದ ಗರಿಗಳನ್ನು ಸುಟ್ಟು, ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಮಾಡುವವರಿಗೆ ಒಂದು ಮಾತು: ಜರಡಿ ಹಿಡಿದು ಎಣ್ಣೆಯ ಎರಡು ಹನಿಯಲ್ಲಿ ಕಲಸಿ. ನೀರು ಬೆರೆಸಿದರೆ ಕ್ಷಾರವಾಗಿ ಹಣೆ ಸುಡಬಹುದು.

ಗರಿಗಳ ಭಾನುವಾರದ ಹಿಂದಿನ ದಿನ ಒಂದು ಹಿಡಿ ಗೋಧಿಯನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮೂರು ಸೆಂಟಿಮೀಟರ್ ಮಣ್ಣಿನ ತಟ್ಟೆಯಲ್ಲಿ ಹರಡಿ, ಎರಡು ದಿನ ಮುಚ್ಚಿಡಿ. ಮೊಳಕೆ ಕಂಡ ಮೇಲೆ ಬೆಳಕಿಗೆ ತಂದರೆ ಈಸ್ಟರಿನ ಹೊತ್ತಿಗೆ ತಟ್ಟೆ ಹಸಿರಾಗಿರುತ್ತದೆ. ನೆಲಕ್ಕೆ ಬಿದ್ದು ಸತ್ತರೆ ಬಹಳ ಫಲ ಕೊಡುವ, ಯೋಹಾನ 12:24ರ ಗೋಧಿಕಾಳನ್ನು ಮಕ್ಕಳಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಇದು ಸುಲಭ. ನೀರು ನಿಂತರೆ ಬೂಷ್ಟು ಬರುತ್ತದೆ, ಚಿಮುಕಿಸಿ, ಸುರಿಯಬೇಡಿ.

ನನ್ನ ತಕರಾರಿರುವುದು ಇದರ ನಂತರದ ದಿನಗಳ ಬಗ್ಗೆ. ನಲವತ್ತು ದಿನ ಶಿಸ್ತಿನಿಂದಿದ್ದವರು ಈಸ್ಟರ್ ಸೋಮವಾರವೇ ಎಲ್ಲವನ್ನೂ ಕೈಬಿಡುತ್ತಾರೆ. ಹಬ್ಬವೇ ಐವತ್ತು ದಿನದ್ದು, ಉಪವಾಸಕ್ಕಿಂತ ಉದ್ದ. ದುಃಖಕ್ಕೆ ವೇಳಾಪಟ್ಟಿ ಹಾಕಿಕೊಳ್ಳುವ ನಾವು ಸಂತೋಷ ತಾನಾಗಿ ಬರಲೆಂದು ಬಿಟ್ಟುಬಿಡುತ್ತೇವೆ. ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಅದೇ ಹೊತ್ತು, ಅದೇ ಕುರ್ಚಿ ಉಳಿಸಿಕೊಂಡು ಓದನ್ನಷ್ಟೇ ಬದಲಿಸುತ್ತೇನೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕ 28 ಅಧ್ಯಾಯ. ಏಳು ವಾರಕ್ಕೆ ವಾರಕ್ಕೆ ನಾಲ್ಕು, ಸರಿಯಾಗಿ ಕೂರುತ್ತದೆ. ವಾರದ ಉಳಿದ ಮೂರು ದಿನ ಓದು ಇಲ್ಲ, ಕೆಲಸವಿದೆ: ಒಂದು ದಿನ ಮುನಿಸಿಕೊಂಡವರಿಗೆ ಫೋನ್, ಒಂದು ದಿನ ಕಾಯಿಲೆಯವರ ಭೇಟಿ, ಒಂದು ದಿನ ಯಾರನ್ನಾದರೂ ಊಟಕ್ಕೆ ಕರೆಯುವುದು. ತಪಸ್ಸು ಕಾಲದಲ್ಲಿ ಬಿಟ್ಟಿದ್ದನ್ನು ಮತ್ತೆ ಶುರುಮಾಡಬೇಕೇ ಎಂದು ಮೊದಲ ವಾರದಲ್ಲೇ ಬರೆದು ತೀರ್ಮಾನಿಸಬೇಕು. ಬರೆಯದಿದ್ದರೆ ಹಳೆಯ ಚಟ ಹೇಳದೆ ಕೇಳದೆ ಒಳಬರುತ್ತದೆ.

ಪಂಚಾಶತ್ತಮದಿಂದ ಆಗಮನ ಕಾಲದವರೆಗಿನ ಕಾಲ, ಸಭೆಯಲ್ಲಿ ಹಸಿರು ವಸ್ತ್ರ ಬಳಸುವ ಕಾಲ, ಈಸ್ಟರ್ ಎಷ್ಟೇ ತಡವಾದರೂ, 24 ವಾರಕ್ಕೆ ಕಡಿಮೆಯಾಗದು, ಅಂದರೆ 168 ದಿನ. ದಿನಕ್ಕೊಂದರಂತೆ ಬೈಬಲಿನ 150 ಕೀರ್ತನೆ ಇದರಲ್ಲಿ ಹಿಡಿಯುತ್ತವೆ. 119ನೆಯದು 176 ವಚನ. ಒಂದೇ ದಿನ ನುಂಗಲು ಹೋದವರು ಅಲ್ಲೇ ನಿಲ್ಲುತ್ತಾರೆ. 16 ವಚನದಂತೆ 11 ದಿನಕ್ಕೆ ಹಂಚಿದರೂ ಒಟ್ಟು 160 ದಿನ, ಎಂಟು ದಿನ ಕೈಯಲ್ಲಿರುತ್ತವೆ. 88ನೆಯ ಕೀರ್ತನೆ ಮಾತ್ರ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನು ಹಾರಿಸುವುದಾಗಲಿ, ಬೇರೆ ವಚನ ಅಂಟಿಸಿ ಸಿಹಿ ಮಾಡುವುದಾಗಲಿ ಬೇಡ. ಆ ದಿನ ಅಷ್ಟಕ್ಕೇ ಪುಸ್ತಕ ಮುಚ್ಚುತ್ತೇನೆ. 89 ಮರುದಿನಕ್ಕೆ.