ಬ್ಲೇಡಿನ ಹರಿತವನ್ನು ತಕ್ಕಡಿಯಲ್ಲಿ ತೂಗಿದ್ದು

ಹೊಸ ಬ್ಲೇಡ್ ಹೇಗಿದೆ ಅಂತ ಸಲೂನು ನಡೆಸುವ ನಾವೆಲ್ಲ ನೋಡುವುದು ಮುಂಗೈ ಕೂದಲಿನ ಮೇಲೆ ಎಳೆದು. ಬೆಳಿಗ್ಗೆ ಒಂದು ಥರ, ಸಂಜೆ ಕೈ ಸೋತಾಗ ಇನ್ನೊಂದು ಥರ. ‘ಈ ಸಲದ ಮಾಲು ಮೊಂಡು’ ಅಂದರೆ ಸಗಟಿನವನು ಒಪ್ಪುವುದಿಲ್ಲ. ನನಗೆ ಅಂಕಿ ಬೇಕಿತ್ತು.

ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೇಲೆ ದಾರ ಬಿಗಿದು ಬ್ಲೇಡ್ ಒತ್ತಿದೆ. ದಾರ ತುಂಡಾಗುವಷ್ಟರಲ್ಲಿ ಅಂಕಿ ಸೊನ್ನೆಗೆ ಇಳಿದಿರುತ್ತದೆ. ಒಡವೆ ತೂಗುವ ಚಿಕ್ಕ ಮಷಿನ್ ತಂದೆ. ಏಳುನೂರು ಚಿಲ್ಲರೆ ಹೋಯಿತು, ಅದೂ ಅಷ್ಟೇ.

ದಾರದ್ದು ಬೇರೆಯೇ ಕಥೆ. ಶಿಡ್ಲಘಟ್ಟದಲ್ಲಿದ್ದುಕೊಂಡು ರೇಷ್ಮೆ ಬಿಟ್ಟು ಇನ್ನೇನು ಹೊಳೆಯುತ್ತೆ? ಪಕ್ಕದ ಬೀದಿಯ ರೀಲರ್ ಒಂದು ಲಡಿ ನೂಲು ಸುಮ್ನೆ ಕೊಟ್ಟರು. ಆದರೆ ರೇಷ್ಮೆ ಗಾಳಿಯ ತೇವ ಹೀರುತ್ತದೆ. ಮಳೆಯ ದಿನ ಒಂದು ಲೆಕ್ಕ, ಬಿಸಿಲಿಗೆ ಇನ್ನೊಂದು. ಕೊನೆಗೆ ಮೀನಿನ ಗಾಳಕ್ಕೆ ಕಟ್ಟುವ ಒಂಟಿ ಎಳೆಯ ನೈಲಾನ್ ದಾರವೇ ಸರಿಹೋಯಿತು. ಎಷ್ಟು ದಪ್ಪದ್ದು ಅಂತ ಮಾತ್ರ ಕೇಳಬೇಡಿ.

ಗೆದ್ದಿದ್ದು ಅಕ್ಕಸಾಲಿಗರ ಹಳೇ ತಕ್ಕಡಿ. ಒಂದು ತಟ್ಟೆಯ ಅಡಿಗೆ ಬ್ಲೇಡ್, ಎದುರು ತಟ್ಟೆಯಲ್ಲಿ ಸಮತೂಕ. ಬ್ಲೇಡಿನ ಬಾಯಿಗೆ ತಾಗುವಂತೆ ದಾರ. ದಾರದ ತುದಿಗೆ ಯಾವಾಗಲೂ ಅದೇ ಬೋಲ್ಟ್ ನೇತುಬಿಡುತ್ತೇನೆ, ಬಿಗಿ ಬದಲಾಗಬಾರದು ಅಲ್ವಾ. ಬ್ಲೇಡ್ ಇರುವ ತಟ್ಟೆಯ ಮೇಲೆ ಲೋಟ. ಅದಕ್ಕೆ ಮೆಡಿಕಲ್ ಸ್ಟೋರಿನ ಡ್ರಿಪ್ ಪೈಪಿನಿಂದ ಹನಿಹನಿಯಾಗಿ ನೀರು. ದಾರ ಕಡಿದ ಕ್ಷಣವೇ ಹನಿ ನಿಲ್ಲಬೇಕು. ಹೇಗೆ ನಿಲ್ಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ನೀರು ಅಳೆದರೆ ಮುಗಿಯಿತು, ಒಂದು ಮಿಲಿಗೆ ಒಂದು ಗ್ರಾಂ.

‘ಏನಣ್ಣ, ಗಿರಾಕಿ ಗಡ್ಡ ಬಿಟ್ಟು ದಾರ ಬೋಳಿಸ್ತಾ ಕೂತಿದ್ದೀಯ?’ ಅಂತ ಎದುರಿನ ಸಲೂನಿನವನು ನಗುತ್ತಿದ್ದ. ಒಂದು ದಿನ ಅರ್ಧಕ್ಕೆ ಮುರಿದ ಬ್ಲೇಡ್‌ಗಳನ್ನು ಕಲೆಸಿ ತಂದ. ಕೆಲವು ಹೊಸವು, ಕೆಲವು ತನ್ನ ಗಡ್ಡಕ್ಕೇ ಬಳಸಿದವು. ಹೊಸವು 45ರಿಂದ 55 ಗ್ರಾಂ ಒಳಗೆ ಕಡಿದವು. ಬಳಸಿದವು ಎಪ್ಪತ್ತು, ಎಂಬತ್ತು ದಾಟಿದವು. ಎಲ್ಲ ಸರಿಯಾಗಿ ಬೇರ್ಪಡಿಸಿ ಕೊಟ್ಟೆ. ಅವನು ಬಾಯಿ ಬಿಡಲಿಲ್ಲ. ಹೀಗೇ ದಾರ ಕಡಿಸಿ ಗ್ರಾಂನಲ್ಲಿ ಹರಿತ ಹೇಳುವ ಅಮೆರಿಕದ ‘ಬೆಸ್’ ಅಳತೆಯಲ್ಲೂ ಎರಡಂಚಿನ ಬ್ಲೇಡಿಗೆ 50ರ ಆಸುಪಾಸೇ ಹೇಳುತ್ತಾರೆ. ದಾರದ ದಪ್ಪ ಆರಿಸಿದ್ದೇ ಆ ಲೆಕ್ಕ ನೋಡಿ.

ಸುಮ್ನಿರಲಾರದೆ ಒಣ ಗಡ್ಡಕ್ಕೂ ನೆನೆಸಿದ ಗಡ್ಡಕ್ಕೂ ಹೋಲಿಸಿದೆ. ಒಣ ಗಡ್ಡ ಕಂಡ ಬ್ಲೇಡ್ ಹತ್ತು ಹದಿನೈದು ಗ್ರಾಂ ಜಾಸ್ತಿ ಕೇಳಿತು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡಿನ ಅಂಚಿನ ಚೂರು ಹಾರಿಸುತ್ತದೆ ಅಂತ 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದಾರೆ. ಒಂದು ಮಾತು: ಇದು ಹರಿತದ ಲೆಕ್ಕ ಅಷ್ಟೇ. ಮುಖಕ್ಕೆ ಉರಿಯೋ ಹಿತವೋ ಅನ್ನುವುದರಲ್ಲಿ ಬ್ಲೇಡಿನ ಲೇಪನದ ಪಾಲೂ ಇದೆ, ಅದು ದಾರಕ್ಕೆ ಗೊತ್ತಾಗಲ್ಲ.

ಒಟ್ಟು ಖರ್ಚು ಎರಡು ಸಾವಿರದ ಒಳಗೆ, ಹಾಳಾದ ಬ್ಲೇಡ್ ಬಿಟ್ಟು. ಈಗ ಪೆಟ್ಟಿಗೆಯಿಂದ ಐದಾರು ತೂಗಿದ ಮೇಲೇ ದುಡ್ಡು ಕೊಡುತ್ತೇನೆ. ಸಗಟಿನವನು ಗೊಣಗುತ್ತಾನೆ, ಮಾಲು ಮಾತ್ರ ಬದಲಾಯಿಸಿ ಕೊಡುತ್ತಾನೆ.