ಮಸುಕು ಗೆರೆಯೂ ಗೆರೆಯೇ: ಮನೆಯಲ್ಲಿ ಎಚ್‌ಐವಿ ಪರೀಕ್ಷೆ, ನನ್ನ ಅನುಭವ

ಆಪ್ತಸಮಾಲೋಚಕಿಯಾಗಿ ಹನ್ನೆರಡು ವರ್ಷ ಕೆಲಸ ಮಾಡಿರುವ ನಾನು, ಕಳೆದ ಮೂರು ವರ್ಷಗಳಿಂದ ಎಚ್‌ಐವಿ ಮತ್ತು ಇತರ ಲೈಂಗಿಕ ಸೋಂಕುಗಳ ಪರೀಕ್ಷೆಯನ್ನು ಜನರು ತಮ್ಮ ಮನೆಯಲ್ಲೇ ಮಾಡಿಕೊಳ್ಳುವಂತೆ ನೋಡಿಕೊಳ್ಳುತ್ತಿದ್ದೇನೆ. ಈ ಮಾತನ್ನು ಮೊದಲು ಎತ್ತಿದಾಗ ಜೊತೆಯವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಜನ ಬೆರಳು ಚುಚ್ಚಿಕೊಳ್ಳಲಾರರು, ಚುಚ್ಚಿಕೊಂಡರೂ ಗೆರೆ ಓದಲಾರರು, ಓದಿದರೂ ನಮಗೆ ತಿಳಿಸಲಾರರು ಎಂಬುದು ಅವರ ವಾದವಾಗಿತ್ತು. ಮೊದಲ ಎಂಟು ತಿಂಗಳು ಅವರ ಮಾತೇ ನಿಜವಾಯಿತು ಎಂಬುದನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತೇನೆ, ಏಕೆಂದರೆ ಈಗ ಕೊಟ್ಟ ನೂರು ಕಿಟ್‌ಗಳಲ್ಲಿ ಸುಮಾರು ತೊಂಬತ್ತರ ಫಲಿತಾಂಶ ನನಗೆ ಮರಳಿ ಬರುತ್ತಿದೆ.

ಮೊದಲ ಕಂತಿನಲ್ಲಿ 40 ಕಿಟ್‌ಗಳನ್ನು ಕೊಟ್ಟಿದ್ದೆ. ನೆನಪಿನಂತೆ 11 ಕಿಟ್‌ಗಳಲ್ಲಿ ‘ಸಿ’ ಗೆರೆಯೇ (ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಗೆರೆ) ಮೂಡಲಿಲ್ಲ ಅಥವಾ ರಕ್ತ ಸಾಲಲಿಲ್ಲ. ಹದಿನೇಳು ಮಂದಿ ಮಾತ್ರ ಫಲಿತಾಂಶ ತಿಳಿಸಿದರು. ಉಳಿದವರು ಫೋನ್ ಎತ್ತಲಿಲ್ಲ. ಆ ತಿಂಗಳ ಹಣದ ಮೂರನೆಯ ಒಂದು ಭಾಗ ಹೀಗೆ ಕೈಬಿಟ್ಟಿತು. ಅದನ್ನು ಸರಿದೂಗಿಸುವ ಆತುರದಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಅವಧಿ ಮುಗಿಯಲು ಎರಡೇ ತಿಂಗಳು ಉಳಿದಿದ್ದ, ಅಗ್ಗಕ್ಕೆ ಸಿಕ್ಕ ಬೇರೊಂದು ಕಂಪನಿಯ ಕಿಟ್‌ಗಳನ್ನು ಒಟ್ಟಿಗೆ ತರಿಸಿದೆ. ಅರ್ಧದಷ್ಟು ಹಂಚುವುದರೊಳಗೆ ಅವಧಿ ಮುಗಿಯಿತು. ಹಂಚಿದ ಅರ್ಧದಲ್ಲೂ ಗೊಂದಲವೇ ಆಯಿತು, ಏಕೆಂದರೆ ಒಂದು ಕಂಪನಿಯ ಕಿಟ್ಟನ್ನು 15ರಿಂದ 20 ನಿಮಿಷದೊಳಗೆ ಓದಬೇಕಿತ್ತು, ಇನ್ನೊಂದನ್ನು 20ರಿಂದ 40 ನಿಮಿಷದೊಳಗೆ. ನಾನು ಎರಡಕ್ಕೂ ಒಂದೇ ಚೀಟಿ ಕೊಟ್ಟಿದ್ದೆ. ಒಬ್ಬರು ಮರುದಿನ ಬೆಳಿಗ್ಗೆ ಒಣಗಿದ ಪಟ್ಟಿಯಲ್ಲಿ ಗೆರೆ ಕಂಡು ಇಡೀ ದಿನ ನರಳಿದರು. ಲ್ಯಾಬ್ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಅಂದಿನಿಂದ ನಾನು ಒಂದು ಕಾಲಕ್ಕೆ ಒಂದೇ ಬಗೆಯ ಕಿಟ್ ಇಟ್ಟುಕೊಳ್ಳುತ್ತೇನೆ. ಉಳಿತಾಯವಾಗುವುದು ಹಾಳಾಗದ ಕಿಟ್‌ನಿಂದಲೇ ಹೊರತು ಅಗ್ಗದ ಕಿಟ್‌ನಿಂದಲ್ಲ.

ಬೆರಳಿನ ವಿಷಯದಲ್ಲಿ ನಾನು ಕಂಡುಕೊಂಡದ್ದನ್ನು ವಿವರವಾಗಿಯೇ ಹೇಳುತ್ತೇನೆ. ಕೈ ತಣ್ಣಗಿರುವುದು, ಬೆರಳಿನ ನಟ್ಟನಡುವೆ ಹಗುರವಾಗಿ ಚುಚ್ಚುವುದು, ಹನಿ ಬಾರದಾಗ ಬೆರಳನ್ನು ಹಿಂಡುವುದು, ಹಾಳಾದ ಕಿಟ್‌ಗಳಲ್ಲಿ ಹೆಚ್ಚಿನವಕ್ಕೆ ಈ ಮೂರೇ ಕಾರಣ. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರು ಸೇರಿ ಹನಿ ತೆಳುವಾಗುತ್ತದೆ. ಈಗ ಕೈಯನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು, ಚೆನ್ನಾಗಿ ಒರೆಸಿ, ತೋಳನ್ನು ಸೊಂಟದಿಂದ ಕೆಳಗೆ ಇಳಿಬಿಟ್ಟು, ನಡುಬೆರಳು ಅಥವಾ ಉಂಗುರಬೆರಳಿನ ತುದಿಯ ಪಕ್ಕಕ್ಕೆ ಲ್ಯಾನ್ಸೆಟ್ಟನ್ನು (ಚುಚ್ಚುವ ಚಿಕ್ಕ ಸೂಜಿ) ಒತ್ತಿ ಹಿಡಿದು ಚುಚ್ಚಿಕೊಳ್ಳಲು ಹೇಳುತ್ತೇನೆ. ಒರೆಸುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಒದ್ದೆ ಚರ್ಮದ ಮೇಲೆ ಹನಿ ಗುಂಡಗೆ ನಿಲ್ಲದೆ ಹರಡಿಬಿಡುತ್ತದೆ. ಬಳಸಿದ ಲ್ಯಾನ್ಸೆಟ್ಟನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಕೆಂಬುದನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ.

ರಕ್ತಕ್ಕೆ ಹೆದರುವವರಿಗೆ ಒಸಡನ್ನು ಒರೆಸಿ ನೋಡುವ ಕಿಟ್ ಇದೆಯಲ್ಲ ಎಂದು ನೀವು ಕೇಳಬಹುದು. ಕೊಡುತ್ತೇನೆ, ಆದರೆ ಅದರ ಮಿತಿಯನ್ನು ಮೊದಲೇ ತಿಳಿಸುತ್ತೇನೆ. 2012ರಲ್ಲಿ ಅಮೆರಿಕದಲ್ಲಿ ಮನೆಬಳಕೆಗೆ ಒಪ್ಪಿಗೆ ಪಡೆದ ಒಸಡಿನ ಕಿಟ್‌ನ ಪ್ರಯೋಗದಲ್ಲಿ, ಜನರು ತಾವೇ ಬಳಸಿದಾಗ, ಸೋಂಕಿದ್ದ 12 ಮಂದಿಯಲ್ಲಿ ಒಬ್ಬರ ಸೋಂಕು ತಪ್ಪಿಹೋಗುತ್ತಿತ್ತು. ಸೋಂಕಿಲ್ಲದವರಲ್ಲಿ ತಪ್ಪಾಗಿ ಪಾಸಿಟಿವ್ ಬರುತ್ತಿದ್ದದ್ದು ಮಾತ್ರ 5000ಕ್ಕೆ ಒಂದರಷ್ಟು. ಸೋಂಕು ತಗುಲಿದ ಮೇಲೂ ಕೆಲವು ವಾರ ಅದು ಕಿಟ್‌ನಲ್ಲಿ ಕಾಣದೆ ಇರಬಹುದು, ಹಾಗಾಗಿ ಸೋಂಕು ತಗುಲಬಹುದಾದ ಸಂಪರ್ಕವಾಗಿ ಮೂರು ತಿಂಗಳು ತುಂಬುವ ಮುನ್ನ ಬಂದ ನೆಗೆಟಿವನ್ನು ನಾನು ನೆಗೆಟಿವ್ ಎಂದು ಬರೆದುಕೊಳ್ಳುವುದೇ ಇಲ್ಲ. ಮುಂದಿನ ತಾರೀಖನ್ನು ಬರೆದುಕೊಳ್ಳುತ್ತೇನೆ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ ಔಷಧಿ) ಅಥವಾ ಪ್ರೆಪ್ (ಸೋಂಕು ತಗುಲದಂತೆ ಮುಂಚೆಯೇ ತೆಗೆದುಕೊಳ್ಳುವ ಔಷಧಿ) ತೆಗೆದುಕೊಳ್ಳುತ್ತಿರುವವರಿಗೆ ಈ ಕಿಟ್ ಕೊಡದೆ ಲ್ಯಾಬ್‌ಗೆ ಕಳುಹಿಸುತ್ತೇನೆ. ಸಂಪರ್ಕವಾಗಿ 72 ಗಂಟೆ ಕಳೆಯದೆ ಕರೆ ಮಾಡಿದವರ ಬಳಿ ಕಿಟ್‌ನ ಮಾತನ್ನೇ ಎತ್ತುವುದಿಲ್ಲ, ನೇರವಾಗಿ ಪೆಪ್‌ಗೆ (ಸಂಪರ್ಕದ ನಂತರ ಸೋಂಕು ತಡೆಯಲು ಕೊಡುವ ಔಷಧಿ) ಕಳುಹಿಸುತ್ತೇನೆ. ಸಂಪರ್ಕ ಯಾವಾಗ ಆಯಿತೆಂದು ಕೇಳದೆ ಕಿಟ್ ಕೊಟ್ಟುಬಿಟ್ಟ ಒಂದು ಪ್ರಕರಣ ನನ್ನದೇ ಇದೆ. ಅದರ ನೋವು ಇಂದಿಗೂ ಹೋಗಿಲ್ಲ.

ಇತರ ಸೋಂಕುಗಳ ವಿಷಯಕ್ಕೆ ಬಂದರೆ, ಗೊನೊರಿಯಾ ಮತ್ತು ಕ್ಲಮೈಡಿಯಾಗೆ ಮಾದರಿಯನ್ನು ಮಾತ್ರ ಮನೆಯಲ್ಲಿ ತೆಗೆಸಿ ಲ್ಯಾಬ್‌ಗೆ ಕಳುಹಿಸುತ್ತೇನೆ. ಪುರುಷರ ಮೂತ್ರದ ಮಾದರಿಗಳಲ್ಲಿ ಮೊದಮೊದಲು ಬಹಳಷ್ಟು ಉಪಯೋಗಕ್ಕೆ ಬಾರದೆ ಹೋದವು. ಕಾರಣ ಹುಡುಕಿದಾಗ ತಿಳಿದದ್ದು, ಸಾಮಾನ್ಯ ಮೂತ್ರಪರೀಕ್ಷೆಗೆ ನಡುವಿನ ಧಾರೆಯನ್ನು ಹಿಡಿಯಬೇಕೆಂದು ಅವರಿಗೆ ಯಾರೋ ಹಿಂದೆಯೇ ಕಲಿಸಿದ್ದರು ಎಂಬುದು. ಇಲ್ಲಿ ಬೇಕಾದದ್ದು ಮೊದಲ ಧಾರೆಯ 20ರಿಂದ 30 ಮಿ.ಲೀ., ಅದೂ ಹಿಂದಿನ ಒಂದು ಗಂಟೆ ಮೂತ್ರಕ್ಕೆ ಹೋಗದೆ ಇದ್ದು. ಡಬ್ಬಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ‘ಇಲ್ಲಿಯವರೆಗೆ ಮಾತ್ರ, ಮೊದಲಿನದು’ ಎಂದು ಬರೆದ ಮೇಲೆ ಆ ತೊಂದರೆ ನಿಂತಿತು. ಮಹಿಳೆಯರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ (ಹತ್ತಿ ಸುತ್ತಿದಂಥ ಕಡ್ಡಿಯಿಂದ ಒರೆಸಿ ತೆಗೆದ ಮಾದರಿ) ಮೇಲು, ಮತ್ತು ಅವರು ಅದನ್ನು ತಾವೇ ಚೆನ್ನಾಗಿ ತೆಗೆಯುತ್ತಾರೆ. ಗಂಟಲು ಮತ್ತು ಗುದದ ಸ್ವಾಬ್ ಬೇಕೇ ಎಂದು ಸಂಕೋಚಪಡದೆ ಕೇಳಬೇಕು. ಅಲ್ಲಿ ಕುಳಿತ ಸೋಂಕು ಮೂತ್ರದಲ್ಲಿ ಕಾಣುವುದಿಲ್ಲ.

ಸಿಫಿಲಿಸ್‌ಗೆ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ಕಳುಹಿಸುವುದನ್ನೂ ಪ್ರಯತ್ನಿಸಿದೆ. ಮೊದಲ ಹತ್ತು ಕಾರ್ಡುಗಳಲ್ಲಿ ಆರನ್ನು ಲ್ಯಾಬ್‌ನವರು ತಿರಸ್ಕರಿಸಿದರು, ಏಕೆಂದರೆ ಅದೇ ಸಂಜೆ ಪೊಟ್ಟಣಕ್ಕೆ ಹಾಕಿದ್ದರಿಂದ ಒಳಗೆ ತೇವ ಕಟ್ಟಿತ್ತು. ನಾನೇ ನನ್ನ ಬೆರಳಿನ ರಕ್ತದಿಂದ ನಾಲ್ಕು ಕಾರ್ಡು ಮಾಡಿ, ಒಂದನ್ನು ಬಿಸಿಲಿನಲ್ಲಿ, ಒಂದನ್ನು ಫ್ಯಾನಿನ ಕೆಳಗೆ, ಎರಡನ್ನು ನೆರಳಿನಲ್ಲಿ ಇಟ್ಟು ನೋಡಿದೆ. ನೆರಳಿನಲ್ಲಿ ರಾತ್ರಿಯಿಡೀ ಮಲಗಿಸಿಟ್ಟು, ಬೆಳಿಗ್ಗೆ ತೇವ ಹೀರುವ ಪುಡಿಯ ಚೀಲದೊಂದಿಗೆ ಮುಚ್ಚಿದವು ಮಾತ್ರ ಕೆಡದೆ ಉಳಿದವು. ಕಿಟ್‌ನಲ್ಲೇ ಸಿಫಿಲಿಸ್ ನೋಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಹಿಂದೆ ಚಿಕಿತ್ಸೆ ಪಡೆದು ಗುಣವಾದವರಲ್ಲೂ ಆ ಗೆರೆ ಸಾಮಾನ್ಯವಾಗಿ ಜೀವನಪೂರ್ತಿ ಮೂಡುತ್ತದೆ. ಈಗಿನ ಸೋಂಕನ್ನು ತಿಳಿಯಲು ಆರ್‌ಪಿಆರ್ ಎಂಬ ಬೇರೆ ರಕ್ತಪರೀಕ್ಷೆಯೇ ಬೇಕು. ಇದನ್ನು ಹೇಳದೆ ಹೋದದ್ದಕ್ಕೆ ಒಂದು ಸಂಸಾರದಲ್ಲಿ ಎರಡು ವಾರ ಮಾತು ನಿಂತಿತ್ತು.

ಫಲಿತಾಂಶ ಮರಳಿ ಬರತೊಡಗಿದ್ದು ನಾನು ರೋಗದ ಬಗ್ಗೆ ಹೇಳುವುದನ್ನು ಕಡಿಮೆ ಮಾಡಿ, ಪರೀಕ್ಷೆಯ ನಂತರದ ಒಂದು ಗಂಟೆಯ ಬಗ್ಗೆ ಮೊದಲೇ ಮಾತಾಡತೊಡಗಿದ ಮೇಲೆ. ಯಾವ ದಿನ, ಎಷ್ಟು ಗಂಟೆಗೆ, ಮನೆಯಲ್ಲಿ ಯಾರಿರುತ್ತಾರೆ, ಗೆರೆ ಎರಡಾದರೆ, ಅಂದರೆ ಪಾಸಿಟಿವ್ ಬಂದರೆ, ಮೊದಲ ಕರೆ ಯಾರಿಗೆ ಎಂಬುದನ್ನು ಕಿಟ್ ಕೊಡುವ ಮುನ್ನವೇ ಅವರ ಬಾಯಿಂದ ಹೇಳಿಸುತ್ತೇನೆ. ಬೇರೆಯವರ ಬಲವಂತಕ್ಕೆ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆಂಬ ಸುಳಿವು ಸಿಕ್ಕರೆ ಕಿಟ್ ಕೊಡುವುದಿಲ್ಲ. ಆ ಸುಳಿವು ಸಿಗುವಂತೆ ನಾನು ಕೇಳುವ ಪ್ರಶ್ನೆಯೊಂದಿದೆ. ಅದು ಬರಹದಲ್ಲಿ ಹರಿದಾಡಿದರೆ ಬಲವಂತ ಮಾಡುವವರೂ ಉತ್ತರ ಕಲಿಸಿಡುತ್ತಾರೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಕೆಲವು ತಿಂಗಳ ಹಿಂದೆ ಒಂದು ರಾತ್ರಿ, ಹೇಳಿದ ಹೊತ್ತಿಗೆ ಸರಿಯಾಗಿ, ಯುವಕರೊಬ್ಬರು ಕರೆ ಮಾಡಿದರು. ‘ಮೇಡಂ, ಗೆರೆ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ದೀಪದ ಹತ್ತಿರ ಹಿಡಿದರೆ ಇದೆ, ದೂರ ಹಿಡಿದರೆ ಇಲ್ಲ’ ಎಂದರು. ಹದಿನೆಂಟನೆಯ ನಿಮಿಷವಾಗಿತ್ತು. ಮಸುಕಾದ ಗೆರೆಯೂ ಗೆರೆಯೇ ಎಂದು ಅವರು ಚೀಟಿಯಲ್ಲಿ ಓದಿದ್ದರು, ಆದರೂ ನನ್ನ ಬಾಯಿಂದ ಕೇಳಬೇಕಿತ್ತು. ಹೌದು, ಇದನ್ನು ಪಾಸಿಟಿವ್ ಎಂದೇ ಹಿಡಿಯೋಣ, ಆದರೆ ಲ್ಯಾಬ್‌ನಲ್ಲಿ ಖಚಿತವಾಗುವವರೆಗೆ ಇದು ರೋಗನಿರ್ಣಯವಲ್ಲ ಎಂದೆ. ಇಬ್ಬರೂ ಬಹಳ ಹೊತ್ತು ಏನೂ ಮಾತಾಡದೆ ಫೋನ್ ಹಿಡಿದಿದ್ದೆವು. ಅವರ ಕಡೆಯಿಂದ ನಲ್ಲಿಯ ನೀರಿನ ಸದ್ದು ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಅವರೇ ಲ್ಯಾಬ್‌ಗೆ ಹೋದರು, ಫಲಿತಾಂಶ ಖಚಿತವಾಯಿತು, ಅದೇ ವಾರದಲ್ಲಿ ಚಿಕಿತ್ಸೆ ಆರಂಭವಾಯಿತು. ಔಷಧಿ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟ ತಲುಪಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಯಾರಿಗೂ ಹರಡದು ಎಂಬ ಮಾತನ್ನು ಅವರು ಮೂರು ಬಾರಿ ಕೇಳಿ, ಬರೆದುಕೊಂಡರು.

ನಾನು ಪ್ರತಿಯೊಬ್ಬರಿಗೂ ಎರಡು ಕಿಟ್ ಕೊಡುತ್ತೇನೆ, ಒಂದು ಅವರಿಗೆ, ಇನ್ನೊಂದು ಅವರ ಸಂಗಾತಿಗೆ. ಇದನ್ನು ದುಂದುವೆಚ್ಚ ಎಂದು ಕರೆದವರಿದ್ದರು. ಆ ಯುವಕರ ಎರಡನೆಯ ಕಿಟ್ಟನ್ನು ಅವರ ಹೆಂಡತಿ ಬಳಸಿದರು, ನೆಗೆಟಿವ್ ಬಂದಿತು. ಮರುದಿನವೇ ಅವರನ್ನೂ ವೈದ್ಯರ ಬಳಿಗೆ ಕಳುಹಿಸಿದೆ, ಮತ್ತು ಅವರ ಮುಂದಿನ ಪರೀಕ್ಷೆಗಳೆಲ್ಲ ಲ್ಯಾಬ್‌ನಲ್ಲೇ ನಡೆಯುತ್ತಿವೆ. ಮೂರು ತಿಂಗಳ ಪರೀಕ್ಷೆಗೆ ಇನ್ನು 19 ದಿನಗಳಿವೆ.